ಐದು ಆಂಕರ್‌ಗಳಿದ್ದ ಮಾಲ್ ಖಾಲಿಯಾದದ್ದು ಹೇಗೆ: ಒಂದು ಪ್ರಕರಣ ಅಧ್ಯಯನ

ಇಲ್ಲಿ ಹೇಳುತ್ತಿರುವ ಮಾಲ್ ಇದ್ದದ್ದು ಅಮೆರಿಕದ ಒಹಾಯೊ ರಾಜ್ಯದ ಒಂದು ಹಳೆಯ ಉಕ್ಕಿನ ನಗರದ ಅಂಚಿನಲ್ಲಿ. 1976ರಲ್ಲಿ ತೆರೆಯಿತು, 2009ರಲ್ಲಿ ಮುಚ್ಚಿತು, 2014ರ ಕೊನೆಗೆ ಅದನ್ನು ಕೆಡವುವ ಕೆಲಸ ಶುರುವಾಯಿತು. ಮಾಲ್, ಊರು, ಮಾಲೀಕರು, ಮಳಿಗೆಗಳ ಹೆಸರು ಕೊಟ್ಟಿಲ್ಲ. ವಿಸ್ತೀರ್ಣ ಮತ್ತು ಜನಸಂಖ್ಯೆಯನ್ನು ದುಂಡಾಗಿಸಿದೆ. ಬಾಡಿಗೆ ಲೆಕ್ಕ ಬಿಡಿಸಿ ತೋರಿಸುವ ಕಡೆ ಇರುವ ಡಾಲರ್ ಮೊತ್ತಗಳು ಉದಾಹರಣೆಗೆ ಮಾತ್ರ, ಆ ಮಾಲ್‌ನ ಲೆಕ್ಕಪುಸ್ತಕದಿಂದ ತೆಗೆದವಲ್ಲ.

ಮೊದಲಿಗೇ ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಮಾಲ್‌ಗಳನ್ನು ಆನ್‌ಲೈನ್ ವ್ಯಾಪಾರ ಮುಗಿಸಿತು ಎಂದು ಎಲ್ಲರೂ ಹೇಳುತ್ತಾರೆ. ಈ ಮಾಲ್‌ನ ಆಂಕರ್‌ಗಳಲ್ಲಿ, ಅಂದರೆ ದೊಡ್ಡ ಮಳಿಗೆಗಳಲ್ಲಿ, ಒಂದು 2001ರಲ್ಲಿ, ಇನ್ನೊಂದು 2002ರಲ್ಲಿ ಬಾಗಿಲು ಹಾಕಿದವು. ಆಗ ಅಮೆರಿಕದ ಚಿಲ್ಲರೆ ಮಾರಾಟದಲ್ಲಿ ಆನ್‌ಲೈನ್ ಪಾಲು ಶೇ 1ರ ಆಸುಪಾಸಿನಲ್ಲಿತ್ತು. ಮಾಲ್ ಪೂರ್ತಿ ಮುಚ್ಚಿದ 2009ರಲ್ಲೂ ಅದು ಶೇ 4ರಷ್ಟೇ. ರೋಗ ಬೇರೆ ಕಡೆ ಇತ್ತು: ಕಟ್ಟಿದ ಅಳತೆಯಲ್ಲಿ, ಬಾಡಿಗೆ ಕರಾರುಗಳಲ್ಲಿ, ಮತ್ತು ಖರ್ಚು ಮಾಡಬೇಕಾದ ಹೊತ್ತಿನಲ್ಲಿ ಮಾಡದೆ ಉಳಿಸಿದ ಹಣದಲ್ಲಿ.

ಹಿನ್ನೆಲೆ

ಎರಡು ಪ್ರತಿಸ್ಪರ್ಧಿ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳನ್ನು ಒಂದೇ ಸೂರಿನಡಿ ತಂದು, ನಡುವೆ ಸಣ್ಣ ಅಂಗಡಿಗಳ ಸಾಲು ಜೋಡಿಸಿ, ಒಳಗೆಲ್ಲ ಹವಾನಿಯಂತ್ರಣ ಮಾಡುವ ಮಾದರಿಯನ್ನು ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ 1956ರಲ್ಲಿ ಮಿನ್ನೆಸೋಟದ ಈಡೈನಾದಲ್ಲಿ ಸೌತ್‌ಡೇಲ್ ಮೂಲಕ ತೋರಿಸಿಕೊಟ್ಟ. ಅದೇ ವರ್ಷ ಅಂತರರಾಜ್ಯ ಹೆದ್ದಾರಿಗಳ ಕಾಯ್ದೆ ಬಂತು. ಇವೆರಡಕ್ಕಿಂತ ಕಡಿಮೆ ಚರ್ಚೆಯಾದ, ಆದರೆ ಬಿಲ್ಡರ್‌ಗಳ ಮಟ್ಟಿಗೆ ಹೆಚ್ಚು ನಿರ್ಣಾಯಕವಾದದ್ದು 1954ರ ತೆರಿಗೆ ಸಂಹಿತೆ. ಹೊಸ ಕಟ್ಟಡದ ಸವಕಳಿಯನ್ನು, ಅಂದರೆ ಕಟ್ಟಡ ಹಳೆಯದಾದಂತೆ ಲೆಕ್ಕದಲ್ಲಿ ಕಳೆಯುವ ಬೆಲೆಯನ್ನು, ಮೊದಲ ವರ್ಷಗಳಲ್ಲೇ ಹೆಚ್ಚಾಗಿ ತೋರಿಸಲು ಅದು ಅವಕಾಶ ಕೊಟ್ಟಿತು. ನಲವತ್ತು ವರ್ಷ ಬಾಳುವ ಕಟ್ಟಡಕ್ಕೆ ಸಮಾನ ಕಂತಿನ ಲೆಕ್ಕದಲ್ಲಿ ವರ್ಷಕ್ಕೆ ಶೇ 2.5 ಸವಕಳಿ. ಹೊಸ ಪದ್ಧತಿಯಲ್ಲಿ ಮೊದಲ ವರ್ಷವೇ ಶೇ 5. ಕೈಗೆ ಬಾಡಿಗೆ ಬರುತ್ತಿರುವಾಗಲೇ ಕಾಗದದ ಮೇಲೆ ನಷ್ಟ ತೋರಿಸಿ, ಬೇರೆ ಆದಾಯದ ತೆರಿಗೆ ಉಳಿಸಬಹುದಿತ್ತು. 1969ರಲ್ಲಿ ಈ ಸೌಲಭ್ಯವನ್ನು ಒಂದಿಷ್ಟು ಬಿಗಿ ಮಾಡಿದರು, 1986ರ ಸುಧಾರಣೆಯಲ್ಲಿ ತೆಗೆದೇ ಹಾಕಿದರು. ಹಳೆಯ ಮಾಲ್‌ಗೆ ಹಣ ಹಾಕುವುದಕ್ಕಿಂತ ಹೊಸದನ್ನು ಕಟ್ಟುವುದೇ ಲಾಭ ಎಂಬ ರೂಢಿ ಬೆಳೆದದ್ದು ಈ ನಡುವಿನ ಮೂರು ದಶಕಗಳಲ್ಲಿ. ನಮ್ಮ ಮಾಲ್ ಆ ರೂಢಿಯ ಕೂಸು.

ಜಾಗ ಹಳೆಯ ಕುದುರೆ ರೇಸ್ ಮೈದಾನ. ಹೆದ್ದಾರಿಗೆ ಹತ್ತಿರ. ಸುತ್ತಲಿನ ಸ್ಥಳೀಯ ಸಂಸ್ಥೆ ಒಂದು ಪುಟ್ಟ ಗ್ರಾಮ, ನಿವಾಸಿಗಳು ಸುಮಾರು 1,500. ಒಹಾಯೊದಲ್ಲಿ ಗ್ರಾಮವೂ ತನ್ನ ಎಲ್ಲೆಯೊಳಗೆ ದುಡಿಯುವವರ ಸಂಬಳದ ಮೇಲೆ ಆದಾಯ ತೆರಿಗೆ ಹಾಕಬಹುದು. ಶೇ 1ರವರೆಗೆ ಮತದಾರರ ಒಪ್ಪಿಗೆಯೂ ಬೇಡ. ನೌಕರ ಎಲ್ಲಿ ವಾಸವಿದ್ದಾನೆ ಎಂಬುದು ಮುಖ್ಯವಲ್ಲ, ಎಲ್ಲಿ ದುಡಿಯುತ್ತಾನೆ ಎಂಬುದು ಮುಖ್ಯ. ಉಚ್ಛ್ರಾಯದಲ್ಲಿ ಸುಮಾರು 5,000 ಜನರಿಗೆ ಕೆಲಸ ಕೊಟ್ಟ ಮಾಲ್ 1,500 ಜನರ ಗ್ರಾಮದ ಖಜಾನೆಗೆ ಏನಾಗಿತ್ತು ಎಂಬುದನ್ನು ಇದರಿಂದಲೇ ಊಹಿಸಬಹುದು. ಗ್ರಾಮದ ಅಧಿಕೃತ ಮುದ್ರೆಯಲ್ಲಿ ಶಾಪಿಂಗ್ ಚೀಲದ ಚಿತ್ರವೇ ಸೇರಿಕೊಂಡಿತು.

ಅಳತೆಯ ತೀರ್ಮಾನ

ಕಟ್ಟಿದ್ದು ಸುಮಾರು 22 ಲಕ್ಷ ಚದರ ಅಡಿ, ಎರಡು ಅಂತಸ್ತು, ಐದು ಆಂಕರ್, 200ರಷ್ಟು ಸಣ್ಣ ಮಳಿಗೆ. ಆಂಕರ್ ಎಂದರೆ ತನ್ನ ಹೆಸರಿನ ಬಲದಿಂದಲೇ ಜನರನ್ನು ಮಾಲ್‌ಗೆ ಎಳೆದು ತರುವ ದೊಡ್ಡ ಮಳಿಗೆ. ತೆರೆದಾಗ ಇದನ್ನು ಜಗತ್ತಿನಲ್ಲೇ ಅತಿ ದೊಡ್ಡ ಮಾಲ್ ಎಂದು ಪ್ರಚಾರ ಮಾಡಿದರು.

ಆ ಕಾಲದ ರೂಢಿಯಂತೆ 1,000 ಚದರ ಅಡಿಗೆ 5 ಕಾರುಗಳ ಜಾಗ ಬಿಡುವುದಾದರೆ ಇಷ್ಟು ದೊಡ್ಡ ಮಾಲ್‌ಗೆ 11,000 ಕಾರುಗಳ ಪಾರ್ಕಿಂಗ್ ಬೇಕು. ಓಡಾಟದ ದಾರಿ ಸೇರಿ ಕಾರಿಗೆ 325 ಚದರ ಅಡಿ ಹಿಡಿದರೂ 82 ಎಕರೆ ಡಾಂಬರು. ಅದಕ್ಕೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಮೇಲ್ಲೇಪ, ಹದಿನೈದಿಪ್ಪತ್ತು ವರ್ಷಕ್ಕೊಮ್ಮೆ ಹೊಸ ಪದರ, ಪ್ರತಿ ಚಳಿಗಾಲ ಹಿಮ ತಳ್ಳುವ ವಾಹನ ಮತ್ತು ಉಪ್ಪು. ವ್ಯಾಪಾರ ಅರ್ಧಕ್ಕಿಳಿದರೆ ಈ ಖರ್ಚು ಅರ್ಧಕ್ಕಿಳಿಯುವುದಿಲ್ಲ. ಹಿಮ ಬೀಳುವುದು ಗ್ರಾಹಕರ ಸಂಖ್ಯೆ ನೋಡಿಕೊಂಡಲ್ಲ.

ಇಷ್ಟು ನೆಲಕ್ಕೆ ತಕ್ಕ ಜನ ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಆಗಲೇ ಕಾಣುತ್ತಿತ್ತು. ಪಕ್ಕದ ನಗರದ ಜನಸಂಖ್ಯೆ 1950ರಲ್ಲಿ 9 ಲಕ್ಷ ದಾಟಿತ್ತು, 1980ರ ಹೊತ್ತಿಗೆ 5.7 ಲಕ್ಷಕ್ಕೆ ಇಳಿಯಿತು, 2010ಕ್ಕೆ 4 ಲಕ್ಷದ ಹತ್ತಿರ ಬಂತು. ಹೋದವರು ಹೊರವಲಯಕ್ಕೆ ತಾನೇ ಹೋದದ್ದು, ಮಾಲ್‌ಗೆ ಒಳ್ಳೆಯದೇ ಆಯಿತಲ್ಲ ಎನ್ನಬಹುದು. ಆದರೆ ನಗರ ಹೊರವಲಯಗಳೆರಡನ್ನೂ ಒಳಗೊಂಡ ಇಡೀ ಕೌಂಟಿಯೇ 1970ರ 17 ಲಕ್ಷದಿಂದ 2010ಕ್ಕೆ 13 ಲಕ್ಷಕ್ಕೆ ಕುಗ್ಗಿತು. ಉಕ್ಕು, ವಾಹನ ಬಿಡಿಭಾಗಗಳ ಕಾರ್ಖಾನೆಗಳು ಮುಚ್ಚುತ್ತಿದ್ದ ಪ್ರದೇಶವದು. ಕೊಳ್ಳುವವರು ಕಡಿಮೆಯಾಗುತ್ತ ಹೋದರೂ ಮಾರುವ ನೆಲ ಹೆಚ್ಚುತ್ತಲೇ ಹೋಯಿತು. ಮಾಲ್ ತೆರೆದ ಎರಡೇ ವರ್ಷಕ್ಕೆ, 1978ರಲ್ಲಿ, ಕೆಲವೇ ಮೈಲಿ ಉತ್ತರದ ಶ್ರೀಮಂತ ಬಡಾವಣೆಯಲ್ಲಿ ಚಿಕ್ಕದಾದರೂ ದುಬಾರಿ ಅಂಗಡಿಗಳ ಇನ್ನೊಂದು ಮಾಲ್ ಬಂತು.

ನಮ್ಮ ಅಭಿಪ್ರಾಯದಲ್ಲಿ ಮೊದಲ ಮತ್ತು ಅತಿ ದೊಡ್ಡ ತಿರುವು ಇದೇ. ಮೂರು ಆಂಕರ್‌ಗಳ, 10-12 ಲಕ್ಷ ಚದರ ಅಡಿಯ ಮಾಲ್ ಆಗಿದ್ದರೆ ಒಂದು ಆಂಕರ್ ಹೋದರೂ ಉಳಿದ ಎರಡರ ನಡುವಿನ ದಾರಿ ಜೀವಂತ ಇರುತ್ತಿತ್ತು. ಐದು ಆಂಕರ್‌ಗಳ ಮಾಲ್‌ನಲ್ಲಿ ದಾರಿಗೆ ಹಲವು ತೋಳುಗಳು. ತುದಿಯ ಆಂಕರ್ ಹೋದರೆ ಆ ತೋಳಿನ ಅಂಗಡಿಗಳ ಮುಂದೆ ಹಾದುಹೋಗಲು ಯಾರಿಗೂ ಕಾರಣವೇ ಇರುವುದಿಲ್ಲ.

ಸಮಸ್ಯೆ ಬೆಳೆದ ಬಗೆ

ಮಾಲ್‌ನ ಹಣಕಾಸನ್ನು ಅರಿಯಬೇಕಾದರೆ ಯಾರು ಏನು ಕೊಡುತ್ತಾರೆ ಎಂಬುದು ಗೊತ್ತಿರಬೇಕು. ಆಂಕರ್‌ಗಳು ಬಹುಮಟ್ಟಿಗೆ ತಮ್ಮ ಕಟ್ಟಡವನ್ನೂ ಅದರ ಕೆಳಗಿನ ಜಾಗವನ್ನೂ ತಾವೇ ಹೊಂದಿರುತ್ತವೆ, ಇಲ್ಲವೇ ನಾಮಮಾತ್ರದ ಬಾಡಿಗೆ ಕೊಡುತ್ತವೆ. ಮಾಲ್ ಬದುಕುವುದು ನಡುವಿನ ಸಣ್ಣ ಮಳಿಗೆಗಳ ಬಾಡಿಗೆಯಿಂದ. ಆ ಮಳಿಗೆ ಮೂಲ ಬಾಡಿಗೆ, ತೆರಿಗೆ ಮತ್ತು ವಿಮೆಯ ಪಾಲು, ಓಣಿ-ಪಾರ್ಕಿಂಗ್-ಭದ್ರತೆಯ ನಿರ್ವಹಣಾ ಶುಲ್ಕ, ಮತ್ತು ವಹಿವಾಟು ಒಂದು ಮಿತಿ ದಾಟಿದರೆ ಅದರ ಮೇಲೆ ಶೇಕಡಾವಾರು, ಇಷ್ಟನ್ನು ಕೊಡುತ್ತದೆ.

2,500 ಚದರ ಅಡಿಯ ಒಂದು ಬಟ್ಟೆ ಅಂಗಡಿ ತೆಗೆದುಕೊಳ್ಳಿ. ಮೂಲ ಬಾಡಿಗೆ ಚದರ ಅಡಿಗೆ 30 ಡಾಲರ್, ಉಳಿದ ಶುಲ್ಕಗಳು 12 ಡಾಲರ್. ವರ್ಷಕ್ಕೆ 1,05,000 ಡಾಲರ್. ವಹಿವಾಟು 8 ಲಕ್ಷ ಡಾಲರ್ ಇದ್ದರೆ ಜಾಗದ ಖರ್ಚು ಶೇ 13. ಇದು ಆರೋಗ್ಯದ ಲಕ್ಷಣ. ವಹಿವಾಟು 5 ಲಕ್ಷಕ್ಕೆ ಇಳಿದರೆ ಶೇ 21. ಅಷ್ಟು ಕೊಟ್ಟು ಬಟ್ಟೆ ಮಾರಿ ಉಳಿಯುವುದು ಕಷ್ಟ. ಮಾಲ್ ನಡೆಸುವವರು ಗಮನಿಸಬೇಕಾದ ಒಂದೇ ಒಂದು ಸಂಖ್ಯೆ ಯಾವುದು ಎಂದರೆ ಇದನ್ನೇ ಹೇಳಬೇಕು. ಮಳಿಗೆ ತುಂಬಿದೆಯೋ ಖಾಲಿ ಇದೆಯೋ ಎಂಬುದು ತಡವಾಗಿ ಸಿಗುವ ಸುದ್ದಿ. ಕರಾರು ಮುಗಿಯುವವರೆಗೆ ನಷ್ಟದಲ್ಲೂ ಅಂಗಡಿ ತೆರೆದೇ ಇರುತ್ತದೆ.

1990ರ ದಶಕದ ಮೊದಲಲ್ಲಿ ಪ್ರಾಂತೀಯ ಡಿಪಾರ್ಟ್‌ಮೆಂಟ್ ಸ್ಟೋರ್ ಕಂಪನಿಗಳು ಒಂದರಲ್ಲೊಂದು ವಿಲೀನವಾದವು. ಈ ಮಾಲ್‌ನ ಎರಡು ಆಂಕರ್‌ಗಳ ಬೋರ್ಡುಗಳೂ ಬದಲಾದವು. ಗ್ರಾಹಕರಿಗೆ ಬೋರ್ಡಿನ ಬದಲಾವಣೆ ಕಂಡಿತು, ಒಳಗೆ ಆದ ಬದಲಾವಣೆ ಅದಕ್ಕಿಂತ ದೊಡ್ಡದು. ಮೊದಲು ತೀರ್ಮಾನ ತೆಗೆದುಕೊಳ್ಳುತ್ತಿದ್ದದ್ದು ಅದೇ ನಗರದ ಕಚೇರಿ. ಈಗ ದೂರದ ಕೇಂದ್ರ ಕಚೇರಿಯ ಪಟ್ಟಿಯಲ್ಲಿ ಇದು ನೂರಾರು ಮಳಿಗೆಗಳಲ್ಲಿ ಒಂದು. ಪಕ್ಕದ ಶ್ರೀಮಂತ ಮಾಲ್‌ನಲ್ಲಿ ಅದೇ ಕಂಪನಿಯ ಮಳಿಗೆ ಇದ್ದರೆ ಯಾವುದನ್ನು ಮುಚ್ಚಬೇಕು ಎಂಬ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧ. 1997ರಲ್ಲಿ ಆ ಮಾಲ್ ಮತ್ತೂ ವಿಸ್ತಾರವಾಗಿ, ಒಂದು ಹೆಸರಾಂತ ದುಬಾರಿ ಸ್ಟೋರ್ ಅಲ್ಲಿಗೆ ಬಂತು.

ಇದೇ ಹೊತ್ತಿನಲ್ಲಿ ಸುತ್ತಲಿನ ಬಡಾವಣೆಗಳಲ್ಲಿ ಕಪ್ಪು ಜನಾಂಗದ ಕುಟುಂಬಗಳು ಹೆಚ್ಚಿದವು. ಅವರಲ್ಲಿ ಸ್ಥಿರ ಆದಾಯದ ಮಧ್ಯಮ ವರ್ಗ ದೊಡ್ಡದಿತ್ತು. ಆದರೆ ಅಮೆರಿಕದ ಸರಣಿ ಮಳಿಗೆಗಳು ಜಾಗ ಆರಿಸುವಾಗ ಇಂಥ ಬಡಾವಣೆಗಳ ಕೊಳ್ಳುವ ಶಕ್ತಿಯನ್ನು ಕೀಳಂದಾಜು ಮಾಡುತ್ತ ಬಂದದ್ದು ಹಳೆಯ ಕಥೆ. ಎದುರಿಗಿದ್ದ ಗ್ರಾಹಕರಿಗೆ ತಕ್ಕಂತೆ ಮಳಿಗೆಗಳ ಆಯ್ಕೆಯನ್ನು ಗಟ್ಟಿಯಾಗಿ ಮರುಜೋಡಿಸುವುದು ಒಂದು ನಿಜವಾದ ದಾರಿಯಾಗಿತ್ತು. ಆ ದಾರಿಯಲ್ಲಿ ಇಟ್ಟದ್ದು ಅರ್ಧ ಹೆಜ್ಜೆ.

ಏನೇನು ಮಾಡಿ ನೋಡಿದರು

1990ರ ದಶಕದ ಕೊನೆಗೆ ಆವರಣದಲ್ಲಿ ಬಹುಪರದೆಯ ಚಿತ್ರಮಂದಿರ ತೆರೆಯಿತು. ಸುತ್ತಲಿನ ಜನರನ್ನು ಗೌರವದಿಂದ ಕಂಡ ಒಳ್ಳೆಯ ಹೂಡಿಕೆ ಅದು, ಜನರೂ ಬಂದರು. ಆದರೆ ಚಿತ್ರಮಂದಿರದ ಜನದಟ್ಟಣೆ ಸಂಜೆ ಏಳರ ನಂತರ, ಬಟ್ಟೆ-ಚಪ್ಪಲಿ ಮಳಿಗೆಗಳ ವ್ಯಾಪಾರ ಮಧ್ಯಾಹ್ನ ಮತ್ತು ವಾರಾಂತ್ಯದ ಹಗಲು. ಸಿನಿಮಾ ಬಿಡುವ ಹೊತ್ತಿಗೆ ಅಂಗಡಿಗಳು ಶಟರ್ ಎಳೆದಿರುತ್ತವೆ. ಚಿತ್ರಮಂದಿರಕ್ಕೆ ಹೊರಗಿನಿಂದಲೇ ಬಾಗಿಲಿದ್ದರಂತೂ ಪ್ರೇಕ್ಷಕ ಮಾಲ್‌ನ ಓಣಿಗೆ ಕಾಲಿಡುವ ಪ್ರಸಂಗವೇ ಇಲ್ಲ. ಚಿತ್ರಮಂದಿರವನ್ನು ಮಾಲ್ ಉಳಿಸಲು ತರುವುದಾದರೆ ಟಿಕೆಟ್ ಕೌಂಟರ್ ಓಣಿಯೊಳಗೆ ಇರಬೇಕು, ತಿಂಡಿ ಅಂಗಡಿಗಳು ಅದರ ದಾರಿಯಲ್ಲಿರಬೇಕು.

ಖಾಲಿಯಾದ ಆಂಕರ್ ಕಟ್ಟಡಗಳಿಗೆ ರಿಯಾಯಿತಿ ದರದ ಬಟ್ಟೆ ಮಳಿಗೆ, ಮುಂದೆ ಮೆಕ್ಯಾನಿಕ್ ತರಬೇತಿ ಶಾಲೆ ಬಂದವು. ಕಟ್ಟಡಕ್ಕೆ ಬಾಡಿಗೆದಾರ ಸಿಕ್ಕರೆ ಸಾಕು ಎಂದು ನೋಡಿದರೆ ಇದು ಯಶಸ್ಸೇ. ಮಾಲ್ ಎಂದು ನೋಡಿದರೆ ಅಲ್ಲ. ರಿಯಾಯಿತಿ ಮಳಿಗೆಗಳು ಸಾಮಾನ್ಯವಾಗಿ ಹೊರಬಾಗಿಲನ್ನಷ್ಟೇ ಇಟ್ಟುಕೊಂಡು ಓಣಿಯ ಕಡೆಯ ಬಾಗಿಲಿಗೆ ಗೋಡೆ ಕಟ್ಟಲು ಕೇಳುತ್ತವೆ. ಕಳ್ಳತನ ತಡೆಯಲು, ಒಂದೇ ಕಡೆ ಬಿಲ್ಲಿಂಗ್ ಕೌಂಟರ್ ಇಡಲು. ಶಾಲೆಯ ವಿದ್ಯಾರ್ಥಿ ಬೆಳಗ್ಗೆ ಬಂದು ಸಂಜೆ ಹೋಗುತ್ತಾನೆ. ಪಾರ್ಕಿಂಗ್‌ನಲ್ಲಿ ಕಾರು ಕಾಣುತ್ತದೆ, ಓಣಿಯಲ್ಲಿ ಹೆಜ್ಜೆ ಕೇಳುವುದಿಲ್ಲ.

ಕರಾರುಗಳು ಕಚ್ಚಿದ ಹೊತ್ತು

2001-02ರಲ್ಲಿ ಎರಡು ಆಂಕರ್‌ಗಳು ಬೆನ್ನುಬೆನ್ನಿಗೆ ಹೋದದ್ದು ಕಣ್ಣಿಗೆ ಕಾಣುವ ಕುಸಿತ. ಒಳಗೆ ನಡೆಯುವ ಕುಸಿತ ಕರಾರಿನ ಎರಡು ಷರತ್ತುಗಳ ಮೂಲಕ. ಬಾಡಿಗೆ ವ್ಯವಹಾರದಲ್ಲಿರುವವರು ಇವನ್ನು ಬಿಡಿಸಿ ತಿಳಿದಿರಬೇಕು.

ಒಂದು, ಸಹ-ಬಾಡಿಗೆದಾರ ಷರತ್ತು. ಸರಣಿ ಮಳಿಗೆಗಳು ಕರಾರು ಮಾಡುವಾಗಲೇ ಹೀಗೆ ಬರೆಸಿಕೊಳ್ಳುತ್ತವೆ: ಇಂತಿಷ್ಟು ಆಂಕರ್‌ಗಳು ತೆರೆದಿರಬೇಕು, ಮಳಿಗೆಗಳಲ್ಲಿ ಶೇ 70 ಅಥವಾ 80 ತುಂಬಿರಬೇಕು. ಇಲ್ಲವಾದರೆ ನಿಗದಿತ ಬಾಡಿಗೆಯ ಬದಲು ವಹಿವಾಟಿನ ಶೇ 5 ಅಥವಾ 6 ಮಾತ್ರ. ಹನ್ನೆರಡು ತಿಂಗಳಲ್ಲಿ ಪರಿಸ್ಥಿತಿ ಸರಿಯಾಗದಿದ್ದರೆ ದಂಡವಿಲ್ಲದೆ ಕರಾರು ಮುರಿಯಬಹುದು. ಮೇಲಿನ ಬಟ್ಟೆ ಅಂಗಡಿಯ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ. ಎಲ್ಲ ಶುಲ್ಕಗಳ ಬದಲಿಗೆ ಶೇ 6 ಎಂದು ಬರೆದಿದ್ದರೆ, 5 ಲಕ್ಷದ ವಹಿವಾಟಿಗೆ ಮಾಲೀಕನಿಗೆ ಬರುವುದು 1,05,000 ಅಲ್ಲ, 30,000 ಡಾಲರ್. ಅಂಗಡಿ ತೆರೆದೇ ಇದೆ, ದೀಪ ಉರಿಯುತ್ತಿದೆ, ಆದಾಯ ಮಾತ್ರ ಮೂರರಲ್ಲಿ ಒಂದು ಪಾಲಿಗಿಂತ ಕೆಳಗೆ. ಇಂಥ ಷರತ್ತು ಐವತ್ತು ಕರಾರುಗಳಲ್ಲಿದ್ದರೆ ಒಂದು ಆಂಕರ್ ಬಾಗಿಲು ಹಾಕಿದ ದಿನವೇ ಐವತ್ತೂ ಒಟ್ಟಿಗೆ ಜಾರಿಗೆ ಬರುತ್ತವೆ.

ಎರಡು, ನಿರ್ವಹಣಾ ಶುಲ್ಕ ಹಂಚುವ ಲೆಕ್ಕ. ವರ್ಷದ ಖರ್ಚು 10 ಲಕ್ಷ ಡಾಲರ್, ಸಣ್ಣ ಮಳಿಗೆಗಳ ಒಟ್ಟು ನೆಲ 2.5 ಲಕ್ಷ ಚದರ ಅಡಿ ಎನ್ನೋಣ. ಒಟ್ಟು ನೆಲದಿಂದ ಭಾಗಿಸಿದರೆ ಚದರ ಅಡಿಗೆ 4 ಡಾಲರ್. ಆದರೆ ಕರಾರಿನಲ್ಲಿ "ಬಾಡಿಗೆಗೆ ಹೋಗಿರುವ ನೆಲ" ಎಂದಿದ್ದು, ಅದು 1.5 ಲಕ್ಷಕ್ಕೆ ಇಳಿದಿದ್ದರೆ 6.67 ಡಾಲರ್. ಪಕ್ಕದವನು ಬಿಟ್ಟುಹೋದದ್ದಕ್ಕೆ ಉಳಿದವನು ದಂಡ ಕಟ್ಟಿದಂತೆ. ಷರತ್ತು ಬರೆಸಿಕೊಳ್ಳುವ ಶಕ್ತಿ ಸರಣಿ ಮಳಿಗೆಗಳಿಗಿರುತ್ತದೆ, ಈ ಹೊರೆ ಬೀಳುವುದು ಸ್ಥಳೀಯ ಸಣ್ಣ ವ್ಯಾಪಾರಿಯ ಮೇಲೆ. ಇಡೀ ವ್ಯವಸ್ಥೆಯಲ್ಲಿ ನಮಗೆ ಅತ್ಯಂತ ಅನ್ಯಾಯ ಎನಿಸುವ ಭಾಗ ಇದು. ಕೊನೆಯವರೆಗೂ ಉಳಿದುಕೊಂಡವನಿಗೇ ಹೆಚ್ಚು ಬಿಲ್.

ಹಾಗಾದರೆ ಮಾಲೀಕ ಏಕೆ ಕಟ್ಟಡವನ್ನು ಮುರಿದು ಬೇರೇನಾದರೂ ಕಟ್ಟಬಾರದು? ಆಂಕರ್‌ಗಳ ಜೊತೆಗಿನ ಪರಸ್ಪರ ಹಕ್ಕಿನ ಒಪ್ಪಂದ ಅಡ್ಡ ಬರುತ್ತದೆ. ಪಾರ್ಕಿಂಗ್ ಇಷ್ಟಿರಬೇಕು, ದಾರಿ ಇಲ್ಲೇ ಇರಬೇಕು, ನಕ್ಷೆ ಬದಲಿಸಲು ಎಲ್ಲ ಆಂಕರ್‌ಗಳ ಒಪ್ಪಿಗೆ ಬೇಕು ಎಂದು ಅದರಲ್ಲಿರುತ್ತದೆ. ಅಂಗಡಿ ಮುಚ್ಚಿದ ಆಂಕರ್‌ಗೂ ಈ ತಡೆಹಕ್ಕು ಇರುತ್ತದೆ. ಅಂಗಡಿ ತೆರೆದಿಡಬೇಕಾದ ಬಾಧ್ಯತೆ ಹದಿನೈದು-ಇಪ್ಪತ್ತು ವರ್ಷಕ್ಕೆ ಮುಗಿಯುತ್ತದೆ, ಬೇಡ ಎನ್ನುವ ಹಕ್ಕು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಉಳಿಯುತ್ತದೆ.

ಈ ಹಂತದಲ್ಲಿ ಕೈಗೆಟಕುವ ಕೆಲಸ ಮಾಲ್ ಅನ್ನು ಬೇಕೆಂದೇ ಚಿಕ್ಕದು ಮಾಡುವುದು. ಸತ್ತ ತೋಳಿನ ಅಂಗಡಿಗಳನ್ನು ಜೀವಂತ ಆಂಕರ್‌ಗಳ ನಡುವೆ ಸ್ಥಳಾಂತರಿಸಬೇಕು. ಕರಾರಿನಲ್ಲಿ ಸ್ಥಳಾಂತರ ಷರತ್ತು ಇದ್ದರೆ 60 ಅಥವಾ 90 ದಿನದ ನೋಟಿಸ್ ಸಾಕು, ಒಳಾಂಗಣದ ಖರ್ಚು ಮಾಲೀಕನದು. ಆಮೇಲೆ ಆ ತೋಳಿಗೆ ಅಡ್ಡಗೋಡೆ. ಗೋಡೆ ಕಟ್ಟುವ ಮೊದಲು ತುರ್ತು ನಿರ್ಗಮನದ ಲೆಕ್ಕ ಮಾಡಬೇಕು. ಓಣಿಯ ಯಾವ ಬಿಂದುವಿನಿಂದಲೂ 200 ಅಡಿಯೊಳಗೆ ಹೊರಬಾಗಿಲು ಸಿಗಬೇಕೆಂಬುದು ಅಮೆರಿಕದ ಮಾದರಿ ಕಟ್ಟಡ ಸಂಹಿತೆಯ ನಿಯಮ. ಮುಚ್ಚಿದ ತೋಳಿನಲ್ಲೇ ಆ ಬಾಗಿಲಿದ್ದರೆ ಹೊಸದು ತೆರೆಯಬೇಕು. ಬೆಂಕಿ ಬಿದ್ದಾಗ ನೀರು ಸಿಂಪಡಿಸುವ ಸ್ಪ್ರಿಂಕ್ಲರ್ ವಲಯಕ್ಕೆ ಪ್ರತ್ಯೇಕ ವಾಲ್ವ್, ವಿದ್ಯುತ್ತಿಗೆ ಪ್ರತ್ಯೇಕ ಪ್ಯಾನೆಲ್ ಬೇಕು. ಇದಕ್ಕೆಲ್ಲ ಹಣ ಬೇಕು, ಮತ್ತು ಇದನ್ನು ಮೊದಲ ಆಂಕರ್ ಹೋದ ಆರು ತಿಂಗಳಲ್ಲೇ ಶುರು ಮಾಡಬೇಕು. ಎರಡನೆಯದೂ ಹೋದ ಮೇಲೆ ಸಾಲ ಕೊಡುವ ಬ್ಯಾಂಕ್ ಸಿಗುವುದಿಲ್ಲ.

ಕೊನೆಯ ಮಾಲೀಕರು

2000ರ ದಶಕದ ಮಧ್ಯದಲ್ಲಿ ಮಾಲ್ ಕೆಲವೇ ದಶಲಕ್ಷ ಡಾಲರ್‌ಗೆ ಕೈ ಬದಲಾಯಿತು. 22 ಲಕ್ಷ ಚದರ ಅಡಿಯ ಕಟ್ಟಡ ಸಮೂಹಕ್ಕೆ ಆ ಬೆಲೆ ಅಗ್ಗ ಎನಿಸುತ್ತದೆ. ಆದರೆ ಇಂಥ ಖರೀದಿಯಲ್ಲಿ ಬೆಲೆಗಿಂತ ಹಿಡಿದಿಟ್ಟುಕೊಳ್ಳುವ ಖರ್ಚು ದೊಡ್ಡದು. ಚಪ್ಪಟೆ ಛಾವಣಿಯ ಆಯಸ್ಸು 20-25 ವರ್ಷ, ಛಾವಣಿಯ ಮೇಲಿನ ಹವಾನಿಯಂತ್ರಣ ಘಟಕಗಳದ್ದು 15-20. 1976ರ ಕಟ್ಟಡಕ್ಕೆ ಎರಡೂ ಅವಧಿ ಮುಗಿದಿದ್ದವು. ಚಪ್ಪಟೆ ಛಾವಣಿಯಲ್ಲಿ ನೀರಿನ ಹೊರಕೊಳವೆ ಎಲೆ ಕಟ್ಟಿಕೊಂಡರೆ ಮಳೆನೀರು ನಿಲ್ಲುತ್ತದೆ, ಛಾವಣಿಯ ಜೋಡಣೆಗಳಲ್ಲಿ ಇಳಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಬಿರುಕನ್ನು ಅಗಲಿಸುತ್ತದೆ. ಮಾಲ್‌ನೊಳಗೆ ಬಕೆಟ್ ಇಟ್ಟ ಜಾಗಗಳು ಹೆಚ್ಚುತ್ತ ಹೋದರೆ ಮಾಲೀಕ ಖರ್ಚು ನಿಲ್ಲಿಸಿದ್ದಾನೆ ಎಂದೇ ಅರ್ಥ.

ಖಾಲಿ ಕಟ್ಟಡವನ್ನು ಬೀಗ ಹಾಕಿ ಬಿಡುವಂತಿಲ್ಲ. ಸ್ಪ್ರಿಂಕ್ಲರ್ ಕೊಳವೆಗಳಲ್ಲಿ ಸದಾ ನೀರಿರುತ್ತದೆ. ಒಳಗಿನ ತಾಪಮಾನ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ಚಳಿಗಾಲವಿಡೀ ಕಾಯಿಸಬೇಕು. ಕಾಯಿಸದಿದ್ದರೆ ಕೊಳವೆ ಒಡೆಯುತ್ತದೆ. ಕೊಳವೆ ಖಾಲಿ ಮಾಡಿದರೆ ಅಗ್ನಿಶಾಮಕ ಇಲಾಖೆ ಕಟ್ಟಡದ ಬಳಕೆಗೆ ಒಪ್ಪುವುದಿಲ್ಲ, ವಿಮೆಯೂ ಸಿಗುವುದಿಲ್ಲ. ಹತ್ತಿಪ್ಪತ್ತು ಅಂಗಡಿಗಳ ಬಾಡಿಗೆಯಿಂದ ಲಕ್ಷಾಂತರ ಚದರ ಅಡಿ ಕಾಯಿಸಲಾಗದು. ಇಂಥ ಮಾಲ್‌ಗಳ ಓಣಿಗಳು ಬಹಳಷ್ಟು ಬಾರಿ ಚಳಿಗಾಲದಲ್ಲಿ ಅಥವಾ ಅದರ ಬೆನ್ನಿಗೇ ಮುಚ್ಚುವುದಕ್ಕೆ ಕಾರಣ ಇದು. ಇಲ್ಲಿ 2009ರ ಮಾರ್ಚ್ ಹೊತ್ತಿಗೆ ಒಳಗಿನ ಓಣಿಗಳು ಮುಚ್ಚಿದವು, ಉಳಿದಿದ್ದ ಕೊನೆಯ ದೊಡ್ಡ ಆಂಕರ್ ಅದೇ ವರ್ಷದ ಮಧ್ಯದಲ್ಲಿ ಹೋಯಿತು.

ಬೆಲೆ ಇಳಿದಂತೆ ಆಸ್ತಿ ತೆರಿಗೆಯೂ ಇಳಿಯುತ್ತದೆ. ಒಹಾಯೊದಲ್ಲಿ ಆಸ್ತಿ ತೆರಿಗೆಯ ಬಹುಪಾಲು ಹೋಗುವುದು ಶಾಲೆಗಳಿಗೆ. ಮಾಲ್ ಮುಚ್ಚಿದ ನಷ್ಟವನ್ನು ಕಟ್ಟಿದವರಲ್ಲಿ ಅಲ್ಲಿಗೆ ಎಂದೂ ಹೋಗದಿದ್ದ ಮಕ್ಕಳೂ ಇದ್ದರು.

ಆ ಜಾಗ ಈಗ

ಮುಚ್ಚಿದ ಮೇಲೆ ಕೆಡವಲು ಐದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಆಂಕರ್ ಕಟ್ಟಡಗಳು ಪ್ರತ್ಯೇಕ ಆಸ್ತಿಗಳಾಗಿರುವ ಕಡೆ ಮೊದಲು ಭೂಮಿಯನ್ನು ತುಂಡು ತುಂಡಾಗಿ ಒಂದೇ ಕೈಗೆ ಸೇರಿಸಬೇಕು, ಹಳೆಯ ಒಪ್ಪಂದಗಳನ್ನು ರದ್ದು ಮಾಡಿಸಬೇಕು. ಆಮೇಲೆ ಕಲ್ನಾರಿನ ತಪಾಸಣೆ, ಸಂಬಂಧಪಟ್ಟ ಇಲಾಖೆಗೆ ಹತ್ತು ಕೆಲಸದ ದಿನ ಮುಂಚೆ ನೋಟಿಸ್, ಹವಾನಿಯಂತ್ರಣ ಘಟಕಗಳಿಂದ ಅನಿಲ ಹೊರತೆಗೆಯುವುದು. ಇಷ್ಟಾದ ಮೇಲಷ್ಟೇ ಯಂತ್ರ.

2018ರಲ್ಲಿ ಅಲ್ಲಿ ತೆರೆದದ್ದು ಒಂದು ಆನ್‌ಲೈನ್ ಮಾರಾಟ ಕಂಪನಿಯ ಗೋದಾಮು, ಎಂಟೂವರೆ ಲಕ್ಷ ಚದರ ಅಡಿಯದ್ದು. ಗೋದಾಮಿಗೆ ಆ ಜಾಗ ಹಿಡಿಸಿದ್ದು ಮಾಲ್‌ಗೆ ಹಿಡಿಸಿದ ಕಾರಣಗಳಿಂದಲೇ: ಹೆದ್ದಾರಿ ಹತ್ತಿರ, ವಿಶಾಲವಾದ ಸಮತಟ್ಟು ನೆಲ, ಭಾರೀ ವಿದ್ಯುತ್ ಮತ್ತು ನೀರಿನ ಸಂಪರ್ಕ ಮೊದಲೇ ಬಂದು ನಿಂತಿದೆ. ಅಲ್ಲಿ 2,000ಕ್ಕೂ ಹೆಚ್ಚು ಉದ್ಯೋಗಗಳ ಭರವಸೆ ಕೊಟ್ಟರು. ಅಲ್ಲಿ ದುಡಿಯುವವರ ಸಂಬಳದ ಮೇಲಿನ ತೆರಿಗೆ ಮತ್ತೆ ಗ್ರಾಮಕ್ಕೆ ಬರುತ್ತದೆ. ನಿವಾಸಿಗಳು ಈಗ ಸುಮಾರು ಸಾವಿರ. ಒಂದು ಕಾಲಕ್ಕೆ ಆ ತೆರಿಗೆ ಬರುತ್ತಿದ್ದದ್ದು ಐದು ಆಂಕರ್‌ಗಳು ಮತ್ತು 200 ಅಂಗಡಿಗಳಿಂದ. ಈಗ ಅದೇ ನೆಲದ ಮೇಲೆ ಇರುವುದು ಒಬ್ಬ ಉದ್ಯೋಗದಾತ.